ಹಾಸ್ಟೆಲಿನ ಸೋದರತ್ತೆ

"ಕಾಲು ಮಡಚ್ಕೊಳೇ. ಇಷ್ಟುದ್ದದ ಮಗುನ ಯಾರಾದ್ರೂ ತೊಟ್ಲಿಗೆ ಹಾಕ್ತಾರಾ?" ಎಂದು ಸ್ವರ್ಣಲತಾ ಗದರಿದಳು. ಪೂಜಾ ಮಂಡಿಗಳನ್ನು ಎದೆಗೆ ಒತ್ತಿಕೊಂಡು ಬೆಡ್‌ಶೀಟಿನೊಳಗೆ ಮುದುಡಿದಳು. ನಾಲ್ಕು ಮೂಲೆಗೆ ನಾಲ್ವರು ಒಂಬತ್ತನೇ ಕ್ಲಾಸಿನವರು ನಿಂತು ಶೀಟನ್ನು ಎತ್ತಿದರು. ಟ್ರಂಕುಗಳ ಮೇಲೆ, ಕಿಟಕಿಯ ಕಟ್ಟೆಯ ಮೇಲೆ ಸಿಕ್ಕಸಿಕ್ಕಲ್ಲಿ ಕೂತಿದ್ದ ಉಳಿದ ಹುಡುಗಿಯರು ಜೋ ಜೋ ಎಂದು ರಾಗ ತೆಗೆದರು. ಜೋಲಿ ಆ ಕಡೆಯಿಂದ ಈ ಕಡೆಗೆ ತೂಗಿತು. ಒಳಗಿದ್ದವಳ ಒಂದು ಕೈ ಮಾತ್ರ ಹೊರಗೆ ಕಾಣುತ್ತಿತ್ತು. ಅದು ಬಟ್ಟೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.

"ಸೋದರತ್ತೆ ಎಲ್ಲಿ? ಸೋದರತ್ತೆನ ಕರೀರಿ" ಎಂದು ಯಾರೋ ಕೂಗಿದರು. ಹತ್ತನೇ ಕ್ಲಾಸಿನ ಕೃತಿಕಾ ವೇಲನ್ನು ಸೆರಗಿನ ಹಾಗೆ ತಲೆ ಮೇಲೆ ಹೊದ್ದುಕೊಂಡು ಎದ್ದು ಬಂದಳು.

ಗುಬ್ಬಿಯ ಆ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಈ ಶಾಸ್ತ್ರವನ್ನು ಯಾವ ಪುಣ್ಯಾತ್ಗಿತ್ತಿ ಶುರು ಮಾಡಿದಳೋ ಯಾರಿಗೂ ಗೊತ್ತಿಲ್ಲ. ಮನೆಯಲ್ಲಿ ಮಗು ಹುಟ್ಟಿದರೆ ಅಪ್ಪನ ಅಕ್ಕನೋ ತಂಗಿಯೋ ತೊಟ್ಟಿಲ ಮೇಲೆ ಬಗ್ಗಿ ಕಿವಿಯಲ್ಲಿ ಮೂರು ಸಲ ಹೆಸರು ಹೇಳುತ್ತಾಳಲ್ಲ, ಹಾಗೆಯೇ ಎಂಟನೇ ಕ್ಲಾಸಿಗೆ ಹೊಸದಾಗಿ ಬಂದವಳಿಗೆ ಇಲ್ಲಿಯೂ ಒಂದು ಹೆಸರು ಇಡಬೇಕು. ಇಡುವವಳು ಹತ್ತನೇ ಕ್ಲಾಸಿನವಳು, ಅವಳೇ ಆ ವರ್ಷದ ಸೋದರತ್ತೆ. ಮನೆಯ ಶಾಸ್ತ್ರಕ್ಕೂ ಇದಕ್ಕೂ ವ್ಯತ್ಯಾಸ ಇಷ್ಟೇ: ಅಲ್ಲಿ ಮಗು ಚೆನ್ನಾಗಿರಲಿ ಅಂತ ಹೆಸರಿಡುತ್ತಾರೆ, ಇಲ್ಲಿ ಮಿಕ್ಕವರು ನಗಲಿ ಅಂತ. ದೊಡ್ಡ ಕಣ್ಣಿನ ಸ್ವರ್ಣಲತಾ ಕಪ್ಪೆಯಾದದ್ದು ಹೀಗೆ. ಕೃತಿಕಾ ಎಂಟನೇ ಕ್ಲಾಸಿಗೆ ಬಂದಾಗ ಗಲ್ಲ ಊದಿಕೊಂಡು ದುಂಡಗಿದ್ದಳು, ಬೋಂಡ ಆದಳು. ಈಗ ಉದ್ದ ಬೆಳೆದು ಕಡ್ಡಿಯಾಗಿದ್ದಾಳೆ, ಬೋಂಡ ಮಾತ್ರ ಹಾಗೇ ಉಳಿದಿದೆ. ಚಿಕ್ಕವರು ಬೋಂಡಕ್ಕ ಅನ್ನುತ್ತಾರೆ, ಅಷ್ಟರಮಟ್ಟಿಗೆ ಬಡ್ತಿ.

ಹೆಸರನ್ನು ಕೃತಿಕಾ ಮೊದಲೇ ಯೋಚಿಸಿಟ್ಟಿರಲಿಲ್ಲ. ಅವತ್ತು ಬೆಳಿಗ್ಗೆ ಬಚ್ಚಲ ಮನೆಯ ಮುಂದೆ ಪೂಜಾ ಯಾರನ್ನೋ ಬಕೆಟ್ ಕೇಳಿದ್ದಳು. ಬ ಬ ಬ ಎಂದು ನಿಂತಲ್ಲೇ ನಿಂತು ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿ, ಕೊನೆಗೂ ಬಕೆಟ್ ಬಂದಿತ್ತು. ಕೃತಿಕಾಳಿಗೆ ಊರಿನ ತೋಟದಲ್ಲಿ ಅಪ್ಪ ಬೆಳಿಗ್ಗೆ ಉಳುವ ಟಿಲ್ಲರ್ ಸ್ಟಾರ್ಟ್ ಮಾಡುವಾಗ ಅದು ಟಪ ಟಪ ಎಂದು ತಡವರಿಸುವುದು ನೆನಪಾಗಿ ನಗು ಬಂದಿತ್ತು. ಈಗ ಜೋಲಿಯ ಮೇಲೆ ಬಗ್ಗಿದಾಗ ಅದೇ ನಾಲಿಗೆಗೆ ಬಂತು. ಕಿವಿಯಲ್ಲಿ ಮೂರು ಸಲ ಹೇಳಿದಳು. ಆಮೇಲೆ ಎದ್ದು ನಿಂತು ಎಲ್ಲರಿಗೂ ಕೇಳುವಂತೆ, "ಟಿಲ್ಲರ್" ಎಂದಳು.

ಮಲಗುವ ಹಾಲೆಲ್ಲ ನಗು. ಸ್ವರ್ಣಲತಾ ನಾಲಿಗೆಯನ್ನು ಅಂಗುಳಕ್ಕೆ ಬಡಿದು ಟಪ ಟಪ ಟಪ ಎಂದು ಸದ್ದು ತೆಗೆದಳು. ಇನ್ನಷ್ಟು ನಗು. ಜೋಲಿಯೊಳಗಿನ ಪೂಜಾ ಕೂಡ ನಕ್ಕಳು. ಅದನ್ನು ನೋಡಿ ಕೃತಿಕಾ, ಪರವಾಗಿಲ್ಲ, ತಮಾಷೆ ತಗೊಳ್ತಾಳೆ ಹುಡುಗಿ ಅಂದುಕೊಂಡಳು. ನಾಲ್ಕು ಜನ ಗಾಳಿಯಲ್ಲಿ ಎತ್ತಿ ಹಿಡಿದಿರುವಾಗ ಆ ಮಗು ನಗದೆ ಇನ್ನೇನು ಮಾಡಬೇಕಿತ್ತು, ಪಾಪ.

ಅಲ್ಲಿಂದಾಚೆಗೆ ಪೂಜಾ ಬಾಯಿ ತೆರೆಯುವ ಮೊದಲೇ ಎಲ್ಲಿಂದಲೋ ಟಪ ಟಪ ಕೇಳುತ್ತಿತ್ತು. ಹಾಸ್ಟೆಲಿನಲ್ಲಿ ಬೆಳಿಗ್ಗೆ ಹಾಜರಿಗೆ ಸಾಲಾಗಿ ನಿಂತು, ಒಬ್ಬೊಬ್ಬರೂ ತಮ್ಮ ಹೆಸರು ತಾವೇ ಹೇಳಿ ಪ್ರೆಸೆಂಟ್ ಮಿಸ್ ಅನ್ನಬೇಕು. ಬೇರೆ ಮಾತು ಹೇಗಾದರೂ ಹೊರಬಂದೀತು, ತನ್ನ ಹೆಸರೇ ಪೂಜಾಳಿಗೆ ಎಲ್ಲಕ್ಕಿಂತ ಕಷ್ಟ. ತುಟಿ ಕೂಡಿಸಿದರೆ ಬಿಚ್ಚಿಕೊಳ್ಳುತ್ತಿರಲಿಲ್ಲ. ಒಂದು ದಿನ ಕೃತಿಕಾ ಮನಸ್ಸು ತಡೆಯದೆ, "ಪೂಜಾ ಪ್ರೆಸೆಂಟ್ ಮಿಸ್" ಎಂದು ತಾನೇ ಕೂಗಿಬಿಟ್ಟಳು, ಮಾರನೆಯ ದಿನವೂ ಹಾಗೇ ಮಾಡಿದಳು. ಉಪಕಾರ ಮಾಡಿದೆ ಎಂದುಕೊಂಡು ತಿರುಗಿ ನೋಡಿದರೆ ಪೂಜಾ ನೆಲ ನೋಡುತ್ತಿದ್ದಳು. ಬರೆಯುವುದರಲ್ಲಿ ಅವಳಿಗೆ ಅಂಥ ಕಷ್ಟವೇನೂ ಇರಲಿಲ್ಲ. ಪುಸ್ತಕಗಳಿಗೆಲ್ಲ ಬೈಂಡು ಹಾಕಿ, ಲೇಬಲ್ಲಿನ ಮೇಲೆ ಮುತ್ತು ಪೋಣಿಸಿದ ಹಾಗೆ ಹೆಸರು ಬರೆದುಕೊಂಡಿದ್ದಳು. ಒಂದು ದಿನ ಸ್ಕೂಲಿನಿಂದ ಬಂದು ನೋಡಿದರೆ ಆ ಹೆಸರಿನ ಕೆಳಗೆಲ್ಲ ಯಾರೋ ಟಿಲ್ಲರ್ ಎಂದು ಗೀಚಿದ್ದರು. ಅವಳು ಲೇಬಲ್ಲುಗಳನ್ನು ಒಂದೊಂದಾಗಿ ಉಗುರಿನಿಂದ ಕೆರೆದು ತೆಗೆದಳು.

ವಾರ್ಡನ್ ಮಾಲಿನಿ ಕೆಟ್ಟವರಲ್ಲ. ತುಮಕೂರಿನಲ್ಲಿ ಒಂದು ದಿನದ ತರಬೇತಿಗೆ ಹೋಗಿ ಬಂದು, ಕೈ ತೊಳೆಯುವ ನಲ್ಲಿಯ ಮೇಲೆ ರ‍್ಯಾಗಿಂಗ್ ಅಪರಾಧ ಎನ್ನುವ ಪೋಸ್ಟರ್ ಅಂಟಿಸಿದರು, ಬಾಗಿಲ ಬಳಿ ಒಂದು ದೂರು ಪೆಟ್ಟಿಗೆ ಇಡಿಸಿದರು. ತೆಗೆದು ನೋಡಿದರೆ ಸಾರಿನಲ್ಲಿ ಬೇಳೆ ಹುಡುಕಿಕೊಡಿ, ಶನಿವಾರ ಚಿತ್ರಾನ್ನ ಬೇಡ, ಇಂಥವೇ. ಆಮೇಲೆ ಎಲ್ಲರನ್ನೂ ನಿಲ್ಲಿಸಿ, "ಯಾರಾದ್ರೂ ನಿಮಗೆ ತೊಂದರೆ ಕೊಡ್ತಾ ಇದಾರಾ? ಧೈರ್ಯವಾಗಿ ಹೇಳಿ" ಎಂದು ಕೇಳಿದರು. ಇಲ್ಲ ಮಿಸ್ ಎಂದು ಒಕ್ಕೊರಲಿನಿಂದ ಉತ್ತರ ಬಂತು. ತೊಂದರೆ ಕೊಡುವವರ ನಡುವೆಯೇ ನಿಲ್ಲಿಸಿ ಕೇಳಿದರೆ ಬೇರೆ ಏನು ಉತ್ತರ ಬಂದೀತು? ಪೂಜಾಳ ತುಟಿಯೂ ಮಿಕ್ಕವರ ಜೊತೆ ಅಲ್ಲಾಡಿತು. ಬೋಂಡ, ಕಪ್ಪೆ, ಟಿಲ್ಲರ್ ಎಲ್ಲ ಮಾಲಿನಿಯ ಕಿವಿಗೂ ಬಿದ್ದಿದ್ದವು. ಮಕ್ಕಳು ಪ್ರೀತಿಯಿಂದ ಕರೆಯೋ ಹೆಸರು ಎಂದು ಅವರು ತಿಳಿದಿದ್ದರು.

ಗುರುವಾರ ಸಂಜೆ ಮನೆಗೆ ಫೋನ್ ಮಾಡುವ ದಿನ. ವಾರ್ಡನ್ ಫೋನನ್ನು ಆಫೀಸಿನ ಮೇಜಿನ ಮೇಲೆ ಇಡುತ್ತಿದ್ದರು. ಅದನ್ನು ಕಿವಿಗೆ ಹಿಡಿದರೆ ಏನೂ ಕೇಳಿಸುವುದಿಲ್ಲ, ಸ್ಪೀಕರ್ ಹಾಕಲೇಬೇಕು. ಹಾಗಾಗಿ ಎಲ್ಲರ ಮನೆಯ ಸುದ್ದಿಯೂ ಸಾಲಿನಲ್ಲಿ ನಿಂತವರಿಗೆಲ್ಲ ಗೊತ್ತು. ಸಾಲು ನೋಡಿಕೊಳ್ಳುವ ಕೆಲಸ ಅವತ್ತು ಕೃತಿಕಾಳದು. ಪೂಜಾಳ ಸರದಿ ಬಂದಾಗ ಆ ಕಡೆಯಿಂದ ಹೆಂಗಸಿನ ದನಿ ಕೇಳಿತು. ಹೆಬ್ಬೂರಿನ ಆಚೆ ಕುಣಿಗಲ್ ರಸ್ತೆಯ ಕೋಳಿ ಫಾರಂ ಒಂದರಲ್ಲಿ ಕೆಲಸಕ್ಕಿದ್ದು ಅಲ್ಲೇ ಶೆಡ್ಡಿನಲ್ಲಿ ವಾಸವಿದ್ದ ರೇವಮ್ಮ, ಪೂಜಾಳ ಅವ್ವ.

"ಹಲೋ. ಮಗಾ? ನಾನ್ ಕಣವ್ವ."

ಪೂಜಾ ಬಾಯಿ ತೆರೆದಳು. ಸಾಲಿನ ಹಿಂದಿನಿಂದ ಸಣ್ಣಗೆ ಟಪ ಟಪ ಬಂತು. ಅವಳ ಬಾಯಿ ಮುಚ್ಚಿಕೊಂಡಿತು.

"ನಿಧಾನಕ್ಕೆ ಮಗ. ನಂಗೇನ್ ಅರ್ಜೆಂಟಿಲ್ಲ. ಕೋಳಿಗೆಲ್ಲ ನೀರಿಟ್ಬುಟ್ಟು ಕೂತಿವ್ನಿ."

ಫೋನಿನಲ್ಲಿ ಕೋಳಿಗಳ ಗದ್ದಲ ಕೇಳುತ್ತಿತ್ತು. ರೇವಮ್ಮ ಮಾತಾಡಲಿಲ್ಲ, ಮಗಳ ಮಾತಿಗೆ ಜಾಗ ಬಿಟ್ಟು ಸುಮ್ಮನೆ ಇದ್ದಳು. ಸಾಲಿನಲ್ಲಿದ್ದವರು ಕಾಲು ಬದಲಿಸಿದರು. ಬೇರೆ ಯಾರಾಗಿದ್ದರೂ ಹಲೋ ಹಲೋ ಎಂದು ಅರಚಿ ಇಟ್ಟುಬಿಡುತ್ತಿದ್ದರು. ಇಷ್ಟು ಹೊತ್ತು ಒಬ್ಬರು ಇನ್ನೊಬ್ಬರ ಮಾತಿಗೆ ಕಾಯುವುದನ್ನು ಕೃತಿಕಾ ಕಂಡೇ ಇರಲಿಲ್ಲ.

"ಮಾತಾಡ್ದಿದ್ರೆ ಬುಡು. ನೀನು ಉಸ್ರಾಡೋದು ಕೇಳುಸ್ತೈತೆ, ಅಷ್ಟ್ ಸಾಕು ನಂಗೆ" ಎಂದಳು ರೇವಮ್ಮ. ಆಮೇಲೆ ದನಿ ತಗ್ಗಿಸಿ, "ಅಲ್ಲಿ ಆಗಾಕಿಲ್ವಾ ಮಗ? ಭಾನ್ವಾರ ಬತ್ತೀನಿ. ಆಗಾಕಿಲ್ಲ ಅಂದ್ರೆ ಕರ್ಕಂಡ್ ಬತ್ತೀನಿ. ಓದದಿದ್ರೆ ಓಯ್ತು, ನನ್ ಜೊತೆ ಮೊಟ್ಟೆ ಆಯ್ಕಂಡ್ ಇದ್ಬುಡು. ಓನರ್ ಬ್ಯಾಡ ಅನ್ನಾಕಿಲ್ಲ" ಎಂದಳು.

ಪೂಜಾ ಫೋನಿಗೆ ತಲೆಯಾಡಿಸಿದಳು. ಅದು ಆ ಕಡೆಗೆ ಕಾಣುವುದಿಲ್ಲ ಎನ್ನುವುದು ಅವಳಿಗೆ ಹೊಳೆಯಲಿಲ್ಲ. ಕೃತಿಕಾ ಸಾಲಿನಲ್ಲಿ ತನ್ನ ಸರದಿಯನ್ನು ಬೇರೆಯವಳಿಗೆ ಬಿಟ್ಟುಕೊಟ್ಟು ಆಚೆ ಹೋಗಿ ನಿಂತಳು.

ಮಾರನೆಯ ದಿನ ಅಡುಗೆ ಮನೆಯಲ್ಲಿ ಸೊಪ್ಪು ಬಿಡಿಸುವ ಪಾಳಿ ಕೃತಿಕಾಳದು. ಅಡುಗೆಯ ಪುಟ್ಟತಾಯಮ್ಮ ಎದುರಿಗೆ ಕಾಲು ಚಾಚಿಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಆ ಹೊಸ ಹುಡ್ಗಿ ಎರಡ್ನೇ ಮುದ್ದೆ ಕೇಳಾಕಿಲ್ಲ ಕಣವ್ವ" ಎಂದಳು. "ಕಣ್ ನೋಡಿದ್ರೆ ಹಸಿವು ಗೊತ್ತಾಯ್ತದೆ. ಬಾಯಿ ಬುಡಾಕಿಲ್ಲ."

"ನೀವೇ ಹಾಕ್ಬಿಡಿ ಪುಟ್ಟತಾಯಮ್ಮ."

"ಹಾಕ್ತಾವ್ನಿ, ಬುಟ್ಟೇನಾ? ನಾನ್ ಕೇಳಿದ್ದು ಅದಲ್ಲ. ಆ ಮಗೀಗೆ ಹೆಸ್ರಿಟ್ಟೋಳು ನೀನಂತೆ. ಸೋದರತ್ತೆಯಂತೆ."

ಕೃತಿಕಾ ಸೊಪ್ಪಿನ ಕಡ್ಡಿ ಮುರಿಯುತ್ತಾ, "ಸುಮ್ನೆ ತಮಾಷೆಗೆ" ಎಂದಳು.

"ನಮ್ಮಣ್ಣನ ಮಗೀಗೆ ನಾನೂ ಸೋದರತ್ತೆ. ಹೆಸ್ರಿಡಾಕೆ ಓಗ್ವಾಗ ಉಡದಾರ, ಕಾಲ್ಗಡಗ, ಕುಲಾವಿ ಎಲ್ಲಾ ತಗಂಡ್ ಓಗಿದ್ದೆ. ಇವತ್ತಿಗೂ ಆ ಹುಡ್ಗುಂಗೆ ಜ್ವರ ಬಂದ್ರೆ ಮೊದ್ಲು ನಂಗೇ ಫೋನು. ಹೆಸ್ರಿಟ್ಟ ಮ್ಯಾಲೆ ಆ ಮಗ ಅರ್ಧ ನಮ್ದೇಯ." ಪುಟ್ಟತಾಯಮ್ಮ ಸಿಪ್ಪೆಯನ್ನು ಊದಿ ಹಾರಿಸಿದಳು. ಕೋಪವೇನೂ ಇರಲಿಲ್ಲ ಅವಳ ಮುಖದಲ್ಲಿ, ನಿಜವಾಗಿಯೂ ತಿಳಿದುಕೊಳ್ಳಲು ಕೇಳುತ್ತಿರುವವಳ ಹಾಗಿತ್ತು. "ನೀನೇನ್ ತಗಂಡ್ ಓಗಿದ್ದವ್ವ ಆ ಮಗೀಗೆ?"

ನಕ್ಕು ಹಾರಿಸಿಬಿಡೋಣ ಎಂದು ಕೃತಿಕಾ ನೋಡಿದಳು. ನಗು ಬರಲಿಲ್ಲ. ಸೊಪ್ಪನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋಗಲೂ ಆಗದೆ ತಲೆ ತಗ್ಗಿಸಿ ಬಿಡಿಸುತ್ತಲೇ ಕೂತಳು.

ಆ ಸಂಜೆ ಓದುವ ಹೊತ್ತು ಮುಗಿದ ಮೇಲೆ ಹಾಲಿನ ನಡುವೆ ನಿಂತು, "ಇನ್ಮೇಲೆ ಯಾರೂ ಪೂಜಾಗೆ ಟಿಲ್ಲರ್ ಅನ್ಬಾರ್ದು. ಆ ಸೌಂಡೂ ಮಾಡಂಗಿಲ್ಲ" ಎಂದು ಜೋರು ಮಾಡಿದಳು. ಹೀಗೆ ಹೇಳಿದರೆ ಏನಾಗುತ್ತದೆ ಎಂದು ಯಾವ ಹುಡುಗಿಯನ್ನು ಕೇಳಿದ್ದರೂ ಹೇಳುತ್ತಿದ್ದಳು. ಒಂದು ಮೂಲೆಯಿಂದ ಟಪ ಎಂದಿತು, ಇನ್ನೊಂದು ಮೂಲೆಯಿಂದ ಅದಕ್ಕೆ ಉತ್ತರ ಬಂತು, ಹಾಲೆಲ್ಲ ಹೊಲ ಉತ್ತ ಹಾಗಾಯಿತು. ಪೂಜಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕೃತಿಕಾ ನೇರ ಸ್ವರ್ಣಲತಾಳ ಹತ್ತಿರ ಹೋದಳು.

"ನಿಂಗೆ ಹೇಳಿದ್ದು ಕಣೇ."

"ಹೆಸರಿಟ್ಟೋಳು ನೀನೇ ಅಲ್ವಾ ಬೋಂಡಕ್ಕ?" ಸ್ವರ್ಣಲತಾ ತಿರುಗಿಬಿದ್ದಳು. "ನಂಗೆ ಕಪ್ಪೆ ಅಂತಾರೆ. ನಾನೇನು ಊಟ ಬಿಟ್ನಾ, ಅಮ್ಮನ್ನ ಕರೆಸಿದ್ನಾ? ನಮ್ಮೂರ್ ಬಸ್ಸಲ್ಲೂ ಕಪ್ಪೆ ಅಂತಾರೆ ಈಗ. ಅವಳ ಹೆಸರು ನೀನು ತೆಗೀತೀಯ. ನಂದು ಯಾರು ತೆಗೀತಾರೆ?"

ಕೊನೆಯ ಮಾತಿಗೆ ಅವಳ ದನಿ ಒಡೆಯಿತು. ಅದಕ್ಕೆ ಅವಳಿಗೇ ನಾಚಿಕೆಯಾಗಿ ತಲೆಯವರೆಗೆ ಹೊದ್ದುಕೊಂಡು ಮಲಗಿಬಿಟ್ಟಳು.

ಶನಿವಾರ ಮಧ್ಯಾಹ್ನ ಪೂಜಾ ಒಣಗಿದ ಬಟ್ಟೆಗಳನ್ನು ಮಡಚಿ ಟ್ರಂಕಿಗೆ ತುಂಬುತ್ತಿದ್ದಳು. ಕೃತಿಕಾ ಹತ್ತಿರ ಹೋಗಿ, "ನಾಳೆ ಹೋಗ್ತೀಯಾ?" ಎಂದಳು. ಪೂಜಾ ಟ್ರಂಕಿನ ಮುಚ್ಚಳ ಒತ್ತಿ ಚಿಲಕ ಹಾಕಿದಳು. ಕೃತಿಕಾ ತನ್ನ ಹಾಸಿಗೆಯ ಬೆಡ್‌ಶೀಟನ್ನು ಎಳೆದು ತಂದು ಹಾಲಿನ ನಡುವೆ ಹಾಸಿದಳು.

"ಯಾರ್ ಬಂದ್ರು ಹೊಸಬ್ರು?" ಎಂದು ಹುಡುಗಿಯರು ಸುತ್ತ ಸೇರಿದರು. ಕೃತಿಕಾ ಶೀಟಿನ ಮೇಲೆ ಮಲಗಿ ಮಂಡಿ ಮಡಚಿಕೊಂಡಳು.

"ಎತ್ತಿ. ಸ್ವರ್ಣಾ, ಈ ಮೂಲೆ ಹಿಡ್ಕೋ. ಪೂಜಾ, ಬಾ ಇಲ್ಲಿ. ನೀನೇ ಸೋದರತ್ತೆ. ನಂಗೆ ಏನ್ ಹೆಸರು ಬೇಕಾದ್ರೂ ಇಡು, ಮುಂದಿನ ಪರೀಕ್ಷೆ ತನಕ ಎಲ್ರೂ ಅದೇ ಕರೀಬೇಕು."

ಇದು ಹೊಸ ತಮಾಷೆ. ಹುಡುಗಿಯರಿಗೆ ಹುರುಪು ಬಂತು. "ಒನಕೆ ಅಂತಿಡೇ," "ಕೊಕ್ಕರೆ ಕಣೇ, ಕೊಕ್ಕರೆ" ಎಂದು ಸಲಹೆಗಳು ಹಾರಿಬಂದವು. ಹತ್ತನೇ ಕ್ಲಾಸಿನ ಇಬ್ಬರು ಮಾತ್ರ, ಬೋಂಡಾಗೆ ತಲೆ ಕೆಟ್ಟಿದೆ ಎಂದು ಗೊಣಗಿಕೊಂಡು ಆಚೆ ಹೋದರು. ಜೋಲಿ ಮೇಲೆದ್ದಿತು. ಒಳಗಿನಿಂದ ನೋಡಿದರೆ ಸೂರು ಓಲಾಡುತ್ತಿತ್ತು, ಸುತ್ತ ಬರೀ ಹಲ್ಲುಗಳು ಕಾಣುತ್ತಿದ್ದವು. ಎಂಟನೇ ಕ್ಲಾಸಿನಲ್ಲಿ ತಾನು ಹೀಗೆ ಮಲಗಿದ್ದಾಗ ಎಷ್ಟು ಹೆದರಿದ್ದೆ ಎನ್ನುವುದನ್ನು ಕೃತಿಕಾ ಮರೆತೇಬಿಟ್ಟಿದ್ದಳು. ಅವತ್ತು ಉಚ್ಚೆ ಬಂದ ಹಾಗಾಗಿತ್ತು, ಆದರೂ ನಕ್ಕಿದ್ದಳು.

ಪೂಜಾ ಬಹಳ ಹೊತ್ತು ಬರಲಿಲ್ಲ. ಹಿಡಿದವರ ಕೈ ಸೋತು ಜೋಲಿ ಕೆಳಗಿಳಿಯತೊಡಗಿದಾಗ ಕೊಬ್ಬರಿ ಎಣ್ಣೆಯ ವಾಸನೆ ಹತ್ತಿರ ಬಂತು, ಒಂದು ಜಡೆ ಅವಳ ಕುತ್ತಿಗೆಯ ಮೇಲೆ ಬಿತ್ತು. ಈಗ ಸೇಡು ತೀರಿಸಿಕೊಳ್ಳುತ್ತಾಳೆ, ತೀರಿಸಿಕೊಳ್ಳಲಿ ಎಂದು ಕೃತಿಕಾ ಕಣ್ಣು ಮುಚ್ಚಿದಳು.

"ಕೃತಿಕಾ" ಎಂದಿತು ಕಿವಿಯಲ್ಲಿ ಪಿಸುದನಿ. "ಕೃತಿಕಾ. ಕೃತಿಕಾ."

ಎಲ್ಲೂ ತಡೆಯಲಿಲ್ಲ. ಪಿಸುಗುಟ್ಟುವಾಗ ಅವಳ ನಾಲಿಗೆ ಎಲ್ಲರ ನಾಲಿಗೆಯ ಹಾಗೇ ಸರಾಗವಾಗಿತ್ತು.

"ಏನಿಟ್ಲು, ಏನಿಟ್ಲು?" ಎಂದು ಮೇಲಿನಿಂದ ಕೇಳುತ್ತಿದ್ದರು. ಕೃತಿಕಾಳ ಕಣ್ಣಿನಿಂದ ನೀರು ಕಿವಿಯೊಳಕ್ಕೆ ಇಳಿಯುತ್ತಿತ್ತು. ಈ ಹಾಸ್ಟೆಲಿನೊಳಗೆ ಆ ಹೆಸರನ್ನು ಯಾರಾದರೂ ಇಷ್ಟು ಹತ್ತಿರದಿಂದ ಕರೆದು ಯಾವ ಕಾಲವಾಗಿತ್ತೋ. "ಕೃತಿಕಾ ಅಂತೆ ಕಣ್ರೇ" ಎಂದಳು.

"ಥೂ, ಅದ್ಯಾವ ಹೆಸರು" ಎಂದು ಒಬ್ಬಳು ರಾಗ ಎಳೆದಳು. ಕೃತಿಕಾಳನ್ನು ಇಳಿಸಿದರು. ಸ್ವರ್ಣಲತಾ ಮಾತ್ರ ತನ್ನ ಮೂಲೆಯನ್ನು ಬಿಡದೆ ಹಾಗೇ ಹಿಡಿದುಕೊಂಡು ನಿಂತಿದ್ದಳು.

"ನಂಗೂ ಇಡ್ತಾಳಾ ಕೇಳು" ಎಂದಳು ಯಾರ ಮುಖವನ್ನೂ ನೋಡದೆ.

ಕೇಳಬೇಕಾಗಲಿಲ್ಲ. ಸ್ವರ್ಣಲತಾ ಮಲಗಿದಳು, ಅವಳದು ಆದ ಮೇಲೆ ಇನ್ನೊಬ್ಬಳು, ಮತ್ತೊಬ್ಬಳು. ಊಟದ ಗಂಟೆ ಹೊಡೆಯುವವರೆಗೆ ಪೂಜಾ ಬಗ್ಗಿ ಬಗ್ಗಿ ಒಬ್ಬೊಬ್ಬರ ಕಿವಿಯಲ್ಲಿ ಅವರವರ ಅಪ್ಪ ಅಮ್ಮ ಇಟ್ಟ ಹೆಸರನ್ನು ಹೇಳಿದಳು. ಊಟಕ್ಕೆ ಕೂತಾಗ ಪುಟ್ಟತಾಯಮ್ಮ ಎರಡನೇ ಮುದ್ದೆ ಹಾಕಿದಳು, ಪೂಜಾ ತಿಂದಳು. ಟ್ರಂಕಿನ ಚಿಲಕವನ್ನು ಮಾತ್ರ ಅವಳು ತೆಗೆಯಲಿಲ್ಲ. ಕೃತಿಕಾ ಮಲಗುವ ತನಕ ಅದನ್ನೇ ನೋಡುತ್ತಿದ್ದಳು.

ಭಾನುವಾರ ಬಿಸಿಲೇರುವ ಹೊತ್ತಿಗೆ ರೇವಮ್ಮ ಬಂದಳು. ಕೈಯಲ್ಲೊಂದು ಕವರಿನ ತುಂಬ ಕಡ್ಲೆಪುರಿ, ಕಾಲಿಗೆ ಹವಾಯಿ ಚಪ್ಪಲಿ. ಮಾಲಿನಿ ಕುರ್ಚಿ ಹಾಕಿಸಿ, "ಇಲ್ಲಿ ಏನೂ ತೊಂದ್ರೆ ಇಲ್ಲಮ್ಮ, ಹೊಂದ್ಕೊಳ್ತಾಳೆ, ಇನ್ನೊಂದೆರಡು ವಾರ ನೋಡಿ" ಎಂದರು. ರೇವಮ್ಮ ಕೂರಲಿಲ್ಲ. "ನಿಮ್ಮುನ್ನ ಅಂತಾ ಇಲ್ಲ ಮಿಸ್ಸು. ನನ್ ಮಗ ಅವತ್ತು ಫೋನ್‌ನಾಗೆ ಹೆಂಗ್ ಉಸ್ರಾಡ್ತೋ, ಹಂಗ್ ಉಸ್ರಾಡಿದ್ನ ನಾನ್ ಯಾವತ್ತೂ ಕೇಳಿರ್ನಿಲ್ಲ" ಎಂದಷ್ಟೇ ಹೇಳಿ ಟ್ರಂಕನ್ನು ತಾನೇ ಎತ್ತಿ ತಲೆಯ ಮೇಲಿಟ್ಟುಕೊಂಡಳು. ಅವಳ ಹಿಂದೆ ಪೂಜಾ ಬ್ಯಾಗು ಹಿಡಿದು ಹೊರಟಳು. ಹುಡುಗಿಯರು ಗೇಟಿನ ತನಕ ಹೋದರು.

ಗೇಟಿನ ಎದುರಿಗೇ ಬಸ್ಸು ನಿಲ್ಲುತ್ತದೆ. ತುಮಕೂರಿನ ಬಸ್ಸು ಬಂದು ನಿಂತು, ಕಂಡಕ್ಟರ್ ಬಾಗಿಲಿನಿಂದ ಬಗ್ಗಿ "ತುಮ್ಕೂರ್ ತುಮ್ಕೂರ್" ಎಂದು ಕೂಗಿದ. ರೇವಮ್ಮ ರಸ್ತೆಗೆ ಕಾಲಿಡುವಾಗ ಪೂಜಾ ಅವಳ ಸೆರಗು ಹಿಡಿದು ಜಗ್ಗಿದಳು. ರೇವಮ್ಮ ತಿರುಗಿದಳು.

"ನ" ಎಂದಳು ಪೂಜಾ. "ನ... ನ..."

ಕಣ್ಣು ಮುಚ್ಚಿಕೊಂಡಳು, ಕತ್ತಿನ ನರ ಉಬ್ಬಿತು. ರೇವಮ್ಮ ಟ್ರಂಕನ್ನು ತಲೆಯಿಂದ ಇಳಿಸಿ ರಸ್ತೆಯ ಅಂಚಿನಲ್ಲಿಟ್ಟು, ಅದರ ಮೇಲೆ ಕೂತಳು. ಈಗ ಅವಳ ಮುಖ ಮಗಳ ಮುಖಕ್ಕೆ ಸಮನಾಗಿತ್ತು.

"ಹತ್ತೋದಾದ್ರೆ ಹತ್ತಮ್ಮ, ಟೈಮಾಯ್ತು" ಎಂದ ಕಂಡಕ್ಟರ್. ಅವಳು ಅತ್ತ ತಿರುಗಲಿಲ್ಲ.

ಪೂಜಾ ಏನು ಹೇಳಹೊರಟಿದ್ದಾಳೆ ಎಂದು ಕೃತಿಕಾಳಿಗೆ ಗೊತ್ತು ಅನ್ನಿಸಿತು. ಇಡೀ ವಾಕ್ಯ ತನ್ನ ನಾಲಿಗೆಯ ತುದಿಯಲ್ಲೇ ಬಂದು ನಿಂತಿತ್ತು. ಹಾಜರಿಯ ಹೊತ್ತಿನಲ್ಲಿ ಕೂಗುತ್ತಿದ್ದ ಹಾಗೆ ಕೂಗಿಬಿಟ್ಟರೆ ಮುಗಿಯಿತು, ಬಸ್ಸು ಹೋಗುತ್ತದೆ, ಟ್ರಂಕು ಒಳಗೆ ಬರುತ್ತದೆ. ಅವಳು ತುಟಿ ಕಚ್ಚಿ ಹಿಡಿದಳು. ಪಕ್ಕದಲ್ಲಿ ಸ್ವರ್ಣಲತಾ ಗೇಟಿನ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಎಲ್ಲಿಂದಲೂ ಟಪ ಎನ್ನುವ ಸದ್ದು ಬರಲಿಲ್ಲ.

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟು, ಎದ್ದ ಧೂಳು ಇಬ್ಬರ ಮೇಲೂ ಬಂದು ಕೂತಿತು.

"ನಾನ್... ಇ... ಇಲ್ಲೇ..." ಎಂದಳು ಪೂಜಾ. ಮುಂದಿನ ಮಾತು ಮತ್ತೆ ಸಿಕ್ಕಿಕೊಂಡಿತು.

ರೇವಮ್ಮ ಸೆರಗಿನ ತುದಿಯಿಂದ ಮಗಳ ಮುಖದ ಮೇಲಿನ ಧೂಳು ಒರೆಸಿ, ಕಡ್ಲೆಪುರಿಯ ಕವರನ್ನು ತೊಡೆಯ ಮೇಲಿಟ್ಟುಕೊಂಡು, ಕಾಯುತ್ತಾ ಕೂತಳು. ಗೇಟಿನ ಹತ್ತಿರ ಯಾರೂ ಅಲುಗಲಿಲ್ಲ.